ಅಂಗಾಂಶವಿಜ್ಞಾನದ ಕನ್ನಡ: ಕ್ರಿಯಾಪದಗಳನ್ನು ಕುರಿತು ಒಂದು ವಿಮರ್ಶೆ

ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವ ಪ್ರಶ್ನೆಯು ಹೊಸದಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಸ್ಥಾಪಿತವಾದ ಕೆಲವೇ ವರ್ಷಗಳಲ್ಲಿ, ಎಂದರೆ 1918ರಲ್ಲಿ, ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಪತ್ರಿಕೆಯನ್ನು ಹೊರಡಿಸಿದರು. ಅಂದಿನಿಂದ ಇಂದಿನವರೆಗೆ ಈ ವಿಷಯದಲ್ಲಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಒಂದೇ ಅಂಶವನ್ನು ಸುತ್ತಿಕೊಂಡಿದೆ. ಪಾರಿಭಾಷಿಕ ಶಬ್ದಗಳನ್ನು ಸಂಸ್ಕೃತದಿಂದ ತರಬೇಕೆ, ಅಚ್ಚಗನ್ನಡದಲ್ಲಿ ಕಟ್ಟಬೇಕೆ, ಇಂಗ್ಲಿಷಿನವನ್ನೇ ಉಳಿಸಿಕೊಳ್ಳಬೇಕೆ ಎಂಬುದೇ ಆ ಅಂಶ. ಇದೆಲ್ಲವೂ ನಾಮಪದಗಳ ಚರ್ಚೆ. ವಾಕ್ಯದಲ್ಲಿ ನಾಮಪದದ ಜೊತೆಗೆ ಕ್ರಿಯಾಪದವೂ ಇರುವುದಷ್ಟೆ. ನಾಮಪದವು ವಸ್ತುವನ್ನು ತೋರಿಸುವುದು. ಆ ವಸ್ತುವಿಗೆ ಏನಾಯಿತು, ಅದನ್ನು ಯಾರು ಮಾಡಿದರು, ಆದುದು ಮುಗಿಯಿತೋ ಇನ್ನೂ ನಡೆದಿದೆಯೋ ಎಂಬುದನ್ನು ಹೇಳುವುದು ಕ್ರಿಯಾಪದ. ವಿಜ್ಞಾನದ ವಾಕ್ಯವು ದಿಟವೋ ಸಟೆಯೋ ಎಂಬುದು ಹೆಚ್ಚಾಗಿ ಅಲ್ಲಿಯೇ ನಿರ್ಣಯವಾಗುವುದು. ಮನುಷ್ಯದೇಹದ ಅಂಗಾಂಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಯಿಸಲು ಯತ್ನಿಸುವ ಈಚಿನ ವಿಜ್ಞಾನವನ್ನು ಉದಾಹರಣೆಯಾಗಿಟ್ಟುಕೊಂಡು ಈ ಮಾತನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ವಿಚಾರಕ್ಕೆ ನಮ್ಮನ್ನು ಎಳೆದುದು ಒಂದು ಸಣ್ಣ ಪ್ರಸಂಗ. ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಹೋಬಳಿಯು ಕಾಫಿಯ ಸೀಮೆ. ಅಲ್ಲಿಯ ಒಂದು ತೋಟದಲ್ಲಿ ಬಹುಕಾಲ ರೈಟರಾಗಿದ್ದ ಹಿರಿಯರೊಬ್ಬರು ನಮಗೆ ಪರಿಚಿತರು. ಏರುತಗ್ಗಿನ ತೋಟದಲ್ಲಿ ಆಳುಗಳ ಹಿಂದೆ ವರ್ಷಗಟ್ಟಲೆ ನಡೆದು ಅವರ ಮಂಡಿಗಳೆರಡೂ ಸವೆದಿವೆ. ಒಂದು ದಿನ ಅವರು ವರ್ತಮಾನಪತ್ರಿಕೆಯ ತುಣುಕೊಂದನ್ನೂ, ದೂರದ ಪಟ್ಟಣದ ಯಾವುದೋ ಚಿಕಿತ್ಸಾಲಯದ ಕರಪತ್ರವೊಂದನ್ನೂ ಹಿಡಿದು ಬಂದರು. ಪ್ರಯೋಗಶಾಲೆಯಲ್ಲಿ ಮಂಡಿಯ ಮೃದ್ವಸ್ಥಿಯನ್ನು ‘ತಯಾರಿಸಲಾಗಿದೆ’ ಎಂದು ತುಣುಕಿನಲ್ಲಿತ್ತು. ಮುಂಗಡ ಹಣವೆಷ್ಟೆಂಬುದು ಕರಪತ್ರದಲ್ಲಿತ್ತು. ಆ ಮುಂಗಡಕ್ಕಾಗಿ ಅವರು ಮನೆಯ ಒಡವೆಯನ್ನು ಅಡವಿಡಲು ಸಿದ್ಧರಾಗಿದ್ದರು. ಅವರು ಕೇಳಿದ ಪ್ರಶ್ನೆಯನ್ನು ಅವರ ಮಾತಿನಲ್ಲಿಯೇ ಕೊಡುವುದು ಮೇಲು: “ಬಾಳೆಗಿಡದ ಹಾಗೇ ಅಲ್ವ ಮೇಷ್ಟ್ರೆ? ಒಂದು ಚೂರು ತೆಗೆದುಕೊಟ್ರೆ ಸಾಕು, ಪೂರ್ತಿ ಮಂಡಿ ಆಗಿ ಬರುತ್ತಲ್ಲ?”

ಅವರ ತರ್ಕದಲ್ಲಿ ದೋಷವಿರಲಿಲ್ಲ. ದೋಷವು ಅವರಿಗೆ ದೊರೆತ ಮಾತಿನಲ್ಲಿತ್ತು. ಮಲೆನಾಡಿನ ಬೆಳೆಗಾರರಿಗೆ ‘ಅಂಗಾಂಶ ಕೃಷಿ’ಯೆಂಬುದು ಮನೆಮಾತು. ಬಾಳೆಯ ಕಂದಿನ ತುದಿಯಿಂದ ಕೊಯ್ದ ಸಣ್ಣ ಚೂರನ್ನು ಗಾಜಿನ ಪಾತ್ರೆಯಲ್ಲಿ ಪೋಷಿಸಿ ಅದರಿಂದ ನೂರಾರು ಸಸಿಗಳನ್ನು ಪಡೆಯುವರೆಂಬುದನ್ನು ಅವರು ಬಲ್ಲರು. ಅಂತಹ ಸಸಿಗಳನ್ನು ನೆಟ್ಟು ಗೊನೆಯನ್ನೂ ಕಡಿದಿರುವರು. ಮೈಸೂರು ಸರ್ಕಾರವು 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭಿಸಿದ ಪ್ರಯೋಗಕ್ಷೇತ್ರವೇ ಇಂದು ಕೇಂದ್ರೀಯ ಕಾಫಿ ಸಂಶೋಧನ ಸಂಸ್ಥೆಯಾಗಿ ಬೆಳೆದಿರುವುದು. ಅದರ ಮೈಸೂರಿನ ಶಾಖೆಯಲ್ಲಿ ಕಾಫಿಯ ಅಂಗಾಂಶ ಕೃಷಿಯ ಸಂಶೋಧನೆಯು ನಡೆದುಬಂದಿದೆ. ಸಸ್ಯದ ಕೋಶಕ್ಕೆ ಇಡೀ ಸಸ್ಯವಾಗುವ ಶಕ್ತಿಯುಂಟೆಂಬುದನ್ನು ಹಾಬರ್ಲಾಂಟ್ ಎಂಬ ವಿದ್ವಾಂಸನು 1902ರಲ್ಲಿಯೇ ಊಹಿಸಿದ್ದನು. 1958ರಲ್ಲಿ ಸ್ಟುವರ್ಡನು ಗಜ್ಜರಿಯ ಕೋಶಗಳಿಂದ ಅದನ್ನು ಕಂಡುತೋರಿಸಿದನು. ಪ್ರಾಣಿದೇಹದ ಬೆಳೆದ ಕೋಶಕ್ಕೆ ಈ ಶಕ್ತಿಯು ಸಹಜವಾಗಿ ಉಳಿದಿರುವುದಿಲ್ಲ. ಮೃದ್ವಸ್ಥಿಯ ಕೋಶವು ಪಾತ್ರೆಯಲ್ಲಿ ಹೆಚ್ಚಿದರೆ ಮೃದ್ವಸ್ಥಿಯ ಕೋಶಗಳೇ ಹೆಚ್ಚುವುವು. ಅವು ಕೂಡಿ ಮಂಡಿಯಾಗಿ ಎದ್ದುಬರುವುದಿಲ್ಲ. ಎರಡು ವಿದ್ಯೆಗಳಿಗೂ ‘ಅಂಗಾಂಶ’ವೆಂಬ ಒಂದೇ ಹೆಸರು, ಒಂದರ ವಾಗ್ದಾನವನ್ನು ಇನ್ನೊಂದು ನಡಸಿಕೊಡಲಾರದು.

ಮುಂದಕ್ಕೆ ಹೋಗುವ ಮೊದಲು ಈ ವಿಜ್ಞಾನದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದು ಯುಕ್ತ. 1993ರಲ್ಲಿ ಅಮೆರಿಕದ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ ಎಂಬವರು ಬರೆದ ಲೇಖನವೊಂದು ಇದಕ್ಕೆ ಸೀಮೆಯನ್ನು ಹಾಕಿತು. ಇಲ್ಲಿ ಬೇಕಾದುವು ಮೂರು: ಜೀವವುಳ್ಳ ಕೋಶಗಳು, ಅವು ನೆಲಸಲು ರಂಧ್ರಮಯವಾದ ಒಂದು ಆಧಾರ, ಅವು ಹೀಗೆ ಬೆಳೆಯಬೇಕೆಂದು ಸೂಚಿಸುವ ರಾಸಾಯನಿಕ ಹಾಗೂ ಭೌತಿಕ ಪ್ರೇರಣೆಗಳು. ಆಧಾರವನ್ನು ಕೆಲವೆಡೆ ಕ್ರಮೇಣ ಕರಗುವ ಪಾಲಿಮರಿನಿಂದಲೂ, ಕೆಲವೆಡೆ ಎಲುಬಿನ ಖನಿಜವನ್ನು ಹೋಲುವ ಪಿಂಗಾಣಿಯಂತಹ ವಸ್ತುವಿನಿಂದಲೂ, ಕೆಲವೆಡೆ ರೇಷ್ಮೆಯಂತಹ ಪ್ರಾಣಿಜನ್ಯ ನಾರಿನಿಂದಲೂ ಮಾಡುವರು. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ನಮ್ಮ ದೇಶದಲ್ಲಿ ಈ ಸಂಶೋಧನೆಯ ಮುಖ್ಯಸ್ಥಾನಗಳಲ್ಲೊಂದು. 2013ರಲ್ಲಿ ಭಟ್ನಾಗರ್ ಪ್ರಶಸ್ತಿಯನ್ನು ಪಡೆದ ಬಿಕ್ರಂಜಿತ್ ಬಸು ಅವರು ಎಲುಬಿಗೆ ಬದಲಾಗಬಲ್ಲ ವಸ್ತುಗಳನ್ನು ಕುರಿತು ಅಲ್ಲಿ ಬಹುಕಾಲ ಕೆಲಸಮಾಡಿದರು. ಹೀಗೆ ಈ ವಿದ್ಯೆಯು ಕನ್ನಡನಾಡಿನ ನಡುವೆಯೇ ನಡೆಯುತ್ತಿದೆ. ಅದರ ವರದಿಯು ಕನ್ನಡಕ್ಕೆ ಬರುವಾಗ ಮಾತ್ರ ಇಂಗ್ಲಿಷಿನ ದಾರಿಯನ್ನು ಸುತ್ತಿಬರುವುದು. ಆ ಸುತ್ತಿನಲ್ಲಿ ಏನೇನು ಕಳೆಯುವುದೆಂಬುದು ವಿಮರ್ಶಕನು ನೋಡತಕ್ಕ ವಿಷಯ.

ಮೊದಲು ನಾಮಪದಗಳನ್ನೇ ತೆಗೆದುಕೊಳ್ಳೋಣ. ದೇಹದೊಳಗೆ ಇಡತಕ್ಕ ವಸ್ತುವನ್ನು ನಮ್ಮವರು ‘ಜೈವಿಕ ವಸ್ತು’ವೆಂದು ಕರೆಯುವುದುಂಟು. ಇದನ್ನು ಓದಿದವನು ಆ ವಸ್ತುವು ಜೀವದಿಂದ ಹುಟ್ಟಿದುದೆಂದು ತಿಳಿಯುವನು. ಇದು ತಪ್ಪೆಂಬುದಕ್ಕೆ ನಮ್ಮ ನೆರೆಯಲ್ಲಿಯೇ ದೃಷ್ಟಾಂತವಿದೆ. ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ಬಂದ ಡಾಕ್ಟರ್ ಎಂ. ಎಸ್. ವಲಿಯತ್ತಾನರು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿದ್ದಾಗ ಹೃದಯದ ಕವಾಟವೊಂದನ್ನು ರೂಪಿಸಿದರು. ಮೂರು ಮಾದರಿಗಳು ಒಂದಾದಮೇಲೊಂದು ಸೋತು, ನಾಲ್ಕನೆಯದು 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರೋಗಿಯ ಹೃದಯವನ್ನು ಸೇರಿತು. ಅದರ ಚೌಕಟ್ಟು ಕೋಬಾಲ್ಟಿನ ಮಿಶ್ರಲೋಹ, ಬಿಲ್ಲೆಯು ಒಂದು ಬಗೆಯ ಪ್ಲಾಸ್ಟಿಕ್, ಹೊಲಿಯುವ ಅಂಚು ಪಾಲಿಯೆಸ್ಟರ್. ಜೈವಿಕವಾದುದು ಅದರಲ್ಲಿ ಒಂದೂ ಇಲ್ಲ. ಆದರೂ ಅದು ಈ ವರ್ಗದ ಉತ್ತಮ ವಸ್ತು. ಏಕೆಂದರೆ ಆ ವರ್ಗದ ಲಕ್ಷಣವು ವಸ್ತುವಿನ ಹುಟ್ಟಿನಲ್ಲಿ ಇರುವುದಿಲ್ಲ. ಜೀವಂತದೇಹದೊಡನೆ ಅದು ನಡೆದುಕೊಳ್ಳುವ ರೀತಿಯಲ್ಲಿ ಇರುವುದು. ಈ ನಡೆತೆಗೆ ಕನ್ನಡದಲ್ಲಿ ಹಳೆಯದೂ ನಿಷ್ಕೃಷ್ಟವೂ ಆದ ಧಾತುವೊಂದಿದೆ: ಒಗ್ಗು. ‘ಆ ನೀರು ಮೈಗೆ ಒಗ್ಗಲಿಲ್ಲ’, ‘ಈ ಸೀಮೆಗೆ ಆ ತಳಿ ಒಗ್ಗಿತು’ ಎನ್ನುವೆವಷ್ಟೆ. ಒಗ್ಗುವುದೆಂಬುದು ಎರಡು ವಸ್ತುಗಳ ನಡುವಣ ಸಂಬಂಧ. ಅದು ತಿಳಿಯಲು ಕಾಲ ಬೇಕು. ಒಬ್ಬರಿಗೆ ಒಗ್ಗಿದುದು ಇನ್ನೊಬ್ಬರಿಗೆ ಒಗ್ಗದೆಯೂ ಇರಬಹುದು. ಈ ಮೂರು ಅರ್ಥಗಳೂ ವಿಜ್ಞಾನಿಗೆ ಬೇಕಾದುವೇ. ‘ಮೈಗೊಗ್ಗುವ ವಸ್ತು’ವೆಂದರೆ ಪದವು ಸ್ವಲ್ಪ ಉದ್ದವಾಗಬಹುದು, ಅರ್ಥಕ್ಕೆ ಊನವಿಲ್ಲ.

ರೇಷ್ಮೆಯು ಇದಕ್ಕೆ ಇನ್ನೊಂದು ಸಾಕ್ಷಿ. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚುವವರು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆಯನ್ನು ಸಡಿಲಿಸುವರು. ನೂಲಿನ ಮೇಲಣ ಅಂಟನ್ನು ಆಮೇಲೆ ಇನ್ನೂ ಬೇಯಿಸಿ ತೆಗೆಯುವರು. ಆ ಅಂಟಿಗೆ ಸೆರಿಸಿನ್ ಎಂದೂ, ಒಳಗಿನ ನಾರಿಗೆ ಫೈಬ್ರೋಯಿನ್ ಎಂದೂ ಹೆಸರು. ಎರಡೂ ಕೂಡಿದ ಕಚ್ಚಾ ನೂಲಿಗೆ ದೇಹವು ಕೆರಳುವುದುಂಟು. ಅಂಟನ್ನು ಚೆನ್ನಾಗಿ ಕಳೆದ ನಾರಿಗೆ ದೇಹವು ಬಹುಮಟ್ಟಿಗೆ ಒಗ್ಗುವುದು. ಆದಕಾರಣ ಪ್ರಯೋಗಶಾಲೆಯಲ್ಲಿ ನಾರನ್ನು ಲವಣದ್ರಾವಣದಲ್ಲಿ ಕರಗಿಸಿ, ಲವಣವನ್ನು ಹೊರಹಾಕಿ, ಹೆಪ್ಪುಗಟ್ಟಿಸಿ ಒಣಗಿಸಿ, ಸ್ಪಂಜಿನಂತಹ ಆಧಾರವನ್ನು ಪಡೆಯುವರು. ಒಂದೇ ಗೂಡಿನ ಎರಡು ಪದಾರ್ಥಗಳಿಗೆ ದೇಹವು ತೋರುವ ಭಾವವು ಹೀಗೆ ಬೇರೆಯಾಗಿರುವಾಗ, ಎರಡನ್ನೂ ‘ಜೈವಿಕ’ವೆಂದು ಒಂದೇ ಹೆಸರಿನಲ್ಲಿ ಕಟ್ಟಿದರೆ ಪ್ರಯೋಜನವೇನು?

‘ಅಂಗಾಂಶ’ವೆಂಬ ಶಬ್ದವನ್ನು ನೋಡೋಣ. ಐರೋಪ್ಯಭಾಷೆಗಳಲ್ಲಿ ಇದಕ್ಕೆ ಸಮನಾದ ಪದದ ಮೂಲಾರ್ಥ ನೇಯ್ದುದು ಎಂದು. ಹಿಂದಿಯವರು ನೇಯ್ಗೆಯ ಧಾತುವಿನಿಂದಲೇ ‘ಊತಕ’ವೆಂಬ ಪದವನ್ನು ಮಾಡಿಕೊಂಡರು. ನಮ್ಮ ಪದವು ಅಂಗದ ಅಂಶವೆಂದು ಮಾತ್ರ ಹೇಳುವುದು. ಅಂಶವೆಂದೊಡನೆ ಮನಸ್ಸು ಪೂರ್ಣದ ಕಡೆಗೆ ಹರಿಯುವುದು. ರೈಟರ ಮನಸ್ಸು ಹರಿದುದೂ ಹಾಗೆಯೇ. ನೇಯ್ಗೆಯೆಂದಿದ್ದರೆ ಎಳೆಗಳ ಸಂಬಂಧವು ನೆನಪಿಗೆ ಬರುತ್ತಿತ್ತು: ಕೋಶಗಳನ್ನು ಒಂದೆಡೆ ರಾಶಿಹಾಕಿದರೆ ಅಂಗಾಂಶವಾಗದು, ನೂಲಿನ ಉಂಡೆಯು ಸೀರೆಯಾಗದಂತೆ. ಆದರೆ ಶಾಲೆಯ ಪಠ್ಯಗಳಲ್ಲಿ ಬೇರೂರಿದ ಪದವನ್ನು ಕಿತ್ತುಹಾಕಬೇಕೆಂದು ನಾವು ಹೇಳುವುದಿಲ್ಲ. ಪಾಠ ಹೇಳುವವರು ಅದರ ಪಕ್ಕದಲ್ಲಿ ನೇಯ್ಗೆಯ ಅರ್ಥವನ್ನೂ ಇಟ್ಟರೆ ಸಾಕು.

ಇನ್ನೊಂದು ಪದದ ವಿಷಯದಲ್ಲಿ ಇಷ್ಟು ದಾಕ್ಷಿಣ್ಯವು ಬೇಕಿಲ್ಲ. ಬೇರೆ ಬೇರೆ ಬಗೆಯ ಕೋಶಗಳಿಗೆ ಜನ್ಮಕೊಡಬಲ್ಲ ಕೋಶವನ್ನು ಕೆಲವರು ‘ಕಾಂಡಕೋಶ’ವೆಂದೂ ಕೆಲವರು ‘ಆಕರಕೋಶ’ವೆಂದೂ ಬರೆಯುವರು. ಈ ಪದವನ್ನು ಮೊದಲು ಬಳಕೆಗೆ ತಂದವನು ಜರ್ಮನಿಯ ಹೆಕೆಲ್, ವರ್ಷ 1868. ಆತನು ಉದ್ದೇಶಿಸಿದುದು ವಂಶವೃಕ್ಷದ ಬುಡವನ್ನು, ಎಂದರೆ ಸಂತತಿಗೆಲ್ಲ ಮೊದಲಾದ ಪೂರ್ವಜನನ್ನು. ‘ಕಾಂಡ’ವೆಂಬುದು ಇಂಗ್ಲಿಷ್ ಪದದ ಹೊರಮೈಯನ್ನು ಮಾತ್ರ ಹಿಡಿದು ಮಾಡಿದ ಭಾಷಾಂತರ, ಕನ್ನಡದ ಓದುಗನಿಗೆ ಅದು ಗಿಡದ ಕಾಂಡವನ್ನೋ ರಾಮಾಯಣದ ಕಾಂಡವನ್ನೋ ನೆನಪಿಸೀತು, ಸಂತತಿಯನ್ನು ನೆನಪಿಸದು. ‘ಆಕರ’ವು ಅರ್ಥಕ್ಕೆ ಹತ್ತಿರವಾದರೂ ಆಕರವೆಂದರೆ ಗಣಿ, ತೋಡಿದಷ್ಟೂ ದೊರೆಯುವುದೆಂಬ ಆಸೆಯನ್ನು ಅದು ಹುಟ್ಟಿಸುವುದು. ನಮ್ಮ ವಂಶಾವಳಿಗಳಲ್ಲಿ ಮೊದಲಿಗನನ್ನು ‘ಮೂಲಪುರುಷ’ನೆನ್ನುವ ವಾಡಿಕೆಯುಂಟಷ್ಟೆ. ಆ ದಾರಿಯಲ್ಲಿ ‘ಮೂಲಕೋಶ’ವೆಂದರೆ ಹೆಕೆಲನ ಅಭಿಪ್ರಾಯವು ಕನ್ನಡದಲ್ಲಿ ಯಥಾವತ್ತಾಗಿ ಇಳಿಯುವುದು.

ಕೋಶಗಳು ನೆಲಸುವ ಆಧಾರಕ್ಕೆ ಏನೆನ್ನಬೇಕು? ಇಂಗ್ಲಿಷಿನಲ್ಲಿ ಅದಕ್ಕಿಟ್ಟ ಹೆಸರು ಮನೆ ಕಟ್ಟುವ ಗಾರೆಯವರ ಸಾರುವೆಯದು. ಸಾರುವೆಯು ತಾತ್ಕಾಲಿಕವೆಂಬಷ್ಟು ಮಟ್ಟಿಗೆ ಹೋಲಿಕೆ ಸರಿ. ಆದರೆ ಸಾರುವೆಯು ಗೋಡೆಯ ಹೊರಗೆ ನಿಲ್ಲುವುದು. ಅದರ ಮೇಲೆ ನಿಂತವನು ಕೆಲಸ ಮುಗಿದೊಡನೆ ಇಳಿದುಹೋಗುವನು. ಇಲ್ಲಿ ಕೋಶವು ಆಧಾರದ ಒಳಗೇ ವಾಸಿಸುವುದು. ಗಾರೆಯವನೂ ತಾನೇ, ಇಟ್ಟಿಗೆಯೂ ತಾನೇ. ನಮ್ಮ ವಿಮರ್ಶೆಯಲ್ಲಿ ‘ಕಥಾಹಂದರ’ವೆಂಬ ಮಾತು ರೂಢವಾಗಿದೆ. ಬಳ್ಳಿಯು ಹಂದರವನ್ನು ಹಿಡಿದು, ಅದರ ಸಂದುಗಳಲ್ಲಿ ನುಸುಳಿ, ಕೊನೆಗೆ ಹಂದರವೇ ಕಾಣದಂತೆ ಹಬ್ಬುವುದು. ಆದುದರಿಂದ ‘ಹಂದರ’ವೇ ಇಲ್ಲಿಗೆ ಯೋಗ್ಯವಾದ ಪದವೆಂದು ನಮಗೆ ತೋರುವುದು. ಹಂದರವು ಕರಗುವ ಕ್ರಮವನ್ನು ವಿವರಿಸಲು ಆಲ್ದೂರಿನ ಸಸಿಮಡಿಗಿಂತ ಒಳ್ಳೆಯ ಪಾಠವು ದೊರೆಯದು. ಕಾಫಿಯ ಎಳೆಯ ಸಸಿಗೆ ಮೇಲೆ ಚಪ್ಪರದ ನೆರಳು ಬೇಕು. ಸಸಿಯು ಬಲಿತಂತೆ ನೆರಳನ್ನು ಸ್ವಲ್ಪಸ್ವಲ್ಪವಾಗಿ ತೆಳುಮಾಡಿ, ನೆಡುವ ಹೊತ್ತಿಗೆ ಬಿಸಿಲಿಗೆ ಹೊಂದಿಸುವರು. ಬೇಗ ತೆಗೆದರೆ ಸಸಿ ಬಾಡುವುದು. ತಡಮಾಡಿದರೆ ಬಡಕಲಾಗಿ ಉದ್ದಕ್ಕೆ ಏಳುವುದು. ಪ್ರಯೋಗಶಾಲೆಯ ಕಷ್ಟವೂ ಇದೇ: ಹಂದರವು ಬೇಗ ಕರಗಿದರೆ ಕೋಶಸಮೂಹವು ಕುಸಿಯುವುದು, ಕರಗದೆ ನಿಂತರೆ ಹೊಸ ಅಂಗಾಂಶಕ್ಕೆ ಎಡೆಯಿಲ್ಲದಾಗುವುದು. ಹೃದಯದ ಕವಾಟ, ಸೊಂಟದ ಲೋಹದ ಕೀಲು ಮೊದಲಾದುವು ಬೇರೊಂದು ಜಾತಿ. ಅವು ಮೆಣಸಿನ ಬಳ್ಳಿಗೆ ಆಸರೆಯಾದ ಸಿಲ್ವರ್ ಮರದಂತೆ ಕಡೆಯವರೆಗೂ ನಿಲ್ಲತಕ್ಕುವು. ಈ ಎರಡನ್ನೂ ಒಂದೇ ಹೆಸರಿನಲ್ಲಿ ಬೆರಸಬಾರದು.

ಇನ್ನು ನಮ್ಮ ಮುಖ್ಯವಿಷಯವಾದ ಕ್ರಿಯಾಪದಗಳಿಗೆ ಬರೋಣ. ರೂಢಿಯಲ್ಲಿ ಕಾಣುವ ಬಗೆಯ ವಾಕ್ಯವೊಂದನ್ನು ನಾವೇ ರಚಿಸಿ ಇಲ್ಲಿ ಕೊಡುತ್ತೇವೆ: ‘ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕೃತಕ ಚರ್ಮವನ್ನು ತಯಾರಿಸಿದ್ದು, ಇದನ್ನು ರೋಗಿಗಳಿಗೆ ಅಳವಡಿಸಬಹುದಾಗಿದೆ.’ ವಾಕ್ಯದಲ್ಲಿ ವ್ಯಾಕರಣದೋಷವೇನೂ ಇಲ್ಲ. ಆದರೆ ‘ತಯಾರಿಸು’ ಎಂಬುದು ಸಾಬೂನಿಗೂ ಸಕ್ಕರೆಗೂ ಒಪ್ಪುವ ಕ್ರಿಯೆ. ಅದರಲ್ಲಿ ಕರ್ತೃವಿಗೆ ಪೂರ್ಣಸ್ವಾತಂತ್ರ್ಯ, ಕರ್ಮಕ್ಕೆ ಯಾವ ಸ್ವಭಾವವೂ ಇಲ್ಲ. ‘ಅಳವಡಿಸು’ ಎಂಬುದು ಯಂತ್ರದ ಭಾಗಕ್ಕೆ ಒಪ್ಪುವುದು. ಜೋಡಿಸಿದೊಡನೆ ಕೆಲಸವು ಮುಗಿಯಿತೆಂದು ಅದು ಸೂಚಿಸುವುದು. ‘ಬಹುದಾಗಿದೆ’ಯೆಂಬ ಕೊನೆಯು ಯಾರಿಗೆ, ಎಷ್ಟು ಜನಕ್ಕೆ, ಯಾವಾಗ ಎಂಬ ಪ್ರಶ್ನೆಗಳನ್ನೆಲ್ಲ ನುಂಗಿಬಿಡುವುದು. ವಸ್ತುಸ್ಥಿತಿಯು ಹೀಗಿದೆ. 1975ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಎಂಬವರು ಚರ್ಮದ ಮೇಲ್ಪದರದ ಕೋಶಗಳನ್ನು ದೇಹದ ಹೊರಗೆ ಹೆಚ್ಚಿಸುವ ಕ್ರಮವನ್ನು ಕಂಡರು. ಅಂಚೆಚೀಟಿಯಷ್ಟು ಚರ್ಮದಿಂದ ಕೆಲವು ವಾರಗಳಲ್ಲಿ ಅದರ ನೂರಾರು ಪಟ್ಟು ವಿಸ್ತಾರವಾದ ತೆಳುಹಾಳೆಯು ದೊರೆತು, 1980ರ ದಶಕದಲ್ಲಿ ಸುಟ್ಟಗಾಯದಿಂದ ಸಾಯಲಿದ್ದ ಕೆಲವರು ಬದುಕಿದರು. ಆ ಹಾಳೆಯಲ್ಲಿ ಬೆವರಿನ ಗ್ರಂಥಿಗಳಿಲ್ಲ, ಕೂದಲಿನ ಬುಡಗಳಿಲ್ಲ. ಅದು ಮೇಲ್ಪದರ ಮಾತ್ರ. ತೆಳುವಾಗಿರುವುದರಿಂದಲೇ ಅದು ಸಾಧ್ಯವಾಯಿತು. ರಕ್ತನಾಳದಿಂದ ಒಂದೆರಡು ನೂರು ಮೈಕ್ರೋಮೀಟರುಗಳಿಗಿಂತ ದೂರವಿದ್ದ ಕೋಶವು ಪ್ರಾಣವಾಯುವಿಲ್ಲದೆ ಸಾಯುವುದು. ಯಕೃತ್ತು, ಮೂತ್ರಪಿಂಡಗಳಂತಹ ದಪ್ಪನಾದ ಅಂಗಗಳು ಇಂದಿಗೂ ಕೈಗೆಟುಕದಿರುವುದಕ್ಕೆ ಮುಖ್ಯಕಾರಣಗಳಲ್ಲಿ ಇದೊಂದು.

ಕನ್ನಡವು ಈ ವಿಷಯದಲ್ಲಿ ಬಡಭಾಷೆಯಲ್ಲ. ‘ಬೆಳೆ’ಯೆಂಬ ಒಂದೇ ಧಾತುವಿನಿಂದ ಮೂರು ಮೆಟ್ಟಿಲುಗಳನ್ನು ನಾವು ಪಡೆದಿದ್ದೇವೆ. ಬೆಳೆಯುವುದು ಕೋಶದ ಕ್ರಿಯೆ. ಬೆಳೆಸುವುದು ಮನುಷ್ಯನ ಕ್ರಿಯೆ. ಇವೆರಡರ ನಡುವೆ ‘ಬೆಳೆಯಗೊಡು’ ಎಂಬುದೊಂದುಂಟು. ಇಂದಿನ ಬರಹದಲ್ಲಿ ‘ಬರಗೊಡಲಿಲ್ಲ’, ‘ಹೋಗಗೊಡ’ ಎಂಬ ನಿಷೇಧರೂಪಗಳಲ್ಲಿಯೇ ಹೆಚ್ಚಾಗಿ ಉಳಿದಿರುವ ಈ ಪ್ರಯೋಗವನ್ನು ವಿಧಿರೂಪದಲ್ಲಿಯೂ ಎಬ್ಬಿಸುವುದು ಯೋಗ್ಯ. ಹಂದರವು ಕೋಶಗಳನ್ನು ಬೆಳೆಸುವುದಿಲ್ಲ, ಬೆಳೆಯಗೊಡುತ್ತದೆ. ಹಾಗೆಯೇ ಗಾಯದ ವಿಷಯದಲ್ಲಿ ‘ಮಾಯು’ ಎಂಬ ಅಕರ್ಮಕಧಾತುವಿದೆ. ಗಾಯವು ತಾನೇ ಮಾಯುವುದು. ವೈದ್ಯನು ಮಾಯಿಸುವನೆಂದರೂ ಮಾಯುವ ಶಕ್ತಿಯು ಮೈಯದೇ. ಮುರಿದ ಎಲುಬು ಕೂಡಿಕೊಳ್ಳುವುದು. ನೆಟ್ಟ ಸಸಿ ಬೇರು ಹಿಡಿಯುವುದು. ಈ ವಿಜ್ಞಾನದ ತಿರುಳೆಲ್ಲ ಇಂತಹ ಅಕರ್ಮಕಗಳಲ್ಲಿದೆ. ಅದನ್ನು ಬರೆಯುವ ನಮ್ಮ ವಾಕ್ಯಗಳು ಮಾತ್ರ ಸಕರ್ಮಕಗಳಿಂದ ತುಂಬಿವೆ.

ಕನ್ನಡಿಗರು ಈ ಕ್ಷೇತ್ರದಲ್ಲಿ ಅರಿಯದೆಯೇ ಒಂದು ಉತ್ತಮವಾದ ಪದವನ್ನು ಆರಿಸಿಕೊಂಡಿರುವರು. ಅದು ‘ಕಸಿ’. ಒಬ್ಬರ ಮೂತ್ರಪಿಂಡವನ್ನು ಇನ್ನೊಬ್ಬರಲ್ಲಿಡುವುದನ್ನು ಅಂಗಾಂಗ ಕಸಿಯೆಂದೂ, ಚರ್ಮವನ್ನು ಒಂದೆಡೆಯಿಂದ ತೆಗೆದು ಇನ್ನೊಂದೆಡೆಗೆ ಹಾಕುವುದನ್ನು ಚರ್ಮ ಕಸಿಯೆಂದೂ ಪತ್ರಿಕೆಗಳು ಬರೆಯುತ್ತವೆ. ಪದವು ತೋಟದಿಂದ ಬಂದುದು. ಬರುವಾಗ ತನ್ನ ವಿವೇಕವನ್ನೂ ತಂದಿದೆ. ಮಾವಿಗೆ ಮಾವು ಹಿಡಿಯುವುದಲ್ಲದೆ ಹಲಸು ಹಿಡಿಯದೆಂಬುದು ಕಸಿಕಟ್ಟುವವನಿಗೆ ಗೊತ್ತು. ಆದುದರಿಂದ ಪರರ ಅಂಗವನ್ನು ದೇಹವು ನಿರಾಕರಿಸುವುದೆಂದರೆ ಅವನಿಗೆ ಆಶ್ಚರ್ಯವಾಗದು. ಎರಡು ಮೈಗಳನ್ನು ಸೇರಿಸಿ ಕಟ್ಟುವುದಷ್ಟೇ ತನ್ನ ಕೈಯ ಕೆಲಸ, ಬೆಸೆಯುವುದು ಗಿಡದ ಕೆಲಸ ಎಂಬುದನ್ನೂ ಅವನು ಬಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ‘ಕಸಿ ಹಿಡಿಯಲಿಲ್ಲ’ ಎಂಬ ವಾಕ್ಯವು ಕನ್ನಡದಲ್ಲಿ ಸಹಜವಾಗಿದೆ. ಸೋಲನ್ನು ಹೇಳಲು ಎಡೆಯಿರುವ ಪದವೇ ವಿಜ್ಞಾನಕ್ಕೆ ಹಿತವಾದ ಪದ. ‘ತಯಾರಿಸಲಾಯಿತು’ ಎಂಬುದಕ್ಕೆ ಅಂತಹ ಎಡೆಯಿಲ್ಲ.

ಇದೆಲ್ಲವೂ ಮಾತಿನ ಮಡಿವಂತಿಕೆಯೆಂದು ಯಾರಾದರೂ ಹೇಳಿಯಾರು. ಎರಡು ಸಂಗತಿಗಳನ್ನು ಅವರ ಮುಂದಿಡುತ್ತೇವೆ. 1990ರ ದಶಕದಲ್ಲಿ ಇಲಿಯೊಂದರ ಬೆನ್ನಿನ ಮೇಲೆ ಮನುಷ್ಯನ ಕಿವಿಯು ಮೂಡಿದಂತೆ ತೋರುವ ಚಿತ್ರವು ಲೋಕವನ್ನೆಲ್ಲ ಸುತ್ತಿತು. ಅದರ ಶಾಸ್ತ್ರೀಯ ಲೇಖನವು 1997ರಲ್ಲಿ ಪ್ರಕಟವಾಯಿತು. ಇಲಿಗೆ ಕಿವಿ ಬೆಳೆಯಿತೆಂದೂ, ಇಲಿಯ ವಂಶವಾಹಿಗಳನ್ನೇ ತಿದ್ದಿದರೆಂದೂ ಜನರು ನಂಬಿದರು. ಅಲ್ಲಿದ್ದುದು ಕಿವಿಯ ಆಕಾರದ ಕರಗುವ ಹಂದರ, ಅದರಲ್ಲಿ ಹಸುವಿನ ಮೃದ್ವಸ್ಥಿಯ ಕೋಶಗಳು. ಅದಕ್ಕೆ ಕೇಳುವ ಶಕ್ತಿಯೂ ಇರಲಿಲ್ಲ, ಅದು ಮನುಷ್ಯನದೂ ಆಗಿರಲಿಲ್ಲ. ಈ ತಪ್ಪುತಿಳಿವಳಿಕೆಯಿಂದ ಯಾರ ಪ್ರಾಣವೂ ಹೋಗಲಿಲ್ಲ. ಎರಡನೆಯ ಸಂಗತಿಯು ಹಾಗಲ್ಲ. 2011ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಪಾವ್ಲೋ ಮಾಕಿಯಾರೀನಿ ಎಂಬ ಶಸ್ತ್ರವೈದ್ಯನು ರೋಗಿಯೊಬ್ಬನಿಗೆ ಪ್ಲಾಸ್ಟಿಕ್ಕಿನ ಶ್ವಾಸನಾಳವನ್ನಿಟ್ಟನು. ರೋಗಿಯದೇ ಮೂಲಕೋಶಗಳನ್ನು ಅದರ ಮೇಲೆ ಬಿತ್ತಿದ್ದುದರಿಂದ ಅದು ಜೀವಂತ ನಾಳವಾಗುವುದೆಂದು ಪ್ರಚಾರವಾಯಿತು. ಬಿತ್ತಿದುದು ಮೊಳೆತಿತೆ ಎಂದು ಕೇಳಿದವರು ವಿರಳ. ಆ ರೋಗಿಯು 2014ರ ಆರಂಭದಲ್ಲಿ ತೀರಿಕೊಂಡನು. ಅಲ್ಲಿ ಅಂತಹ ನಾಳವನ್ನು ಪಡೆದ ಇನ್ನಿಬ್ಬರೂ ಕಾಲಾಂತರದಲ್ಲಿ ಮರಣಹೊಂದಿದರು. ಸಾಧನೆಯನ್ನು ಸಾರಿದ ಲೇಖನವನ್ನು ‘ಲ್ಯಾನ್ಸೆಟ್’ ಪತ್ರಿಕೆಯು 2018ರಲ್ಲಿ ಹಿಂತೆಗೆದುಕೊಂಡಿತು. 2023ರಲ್ಲಿ ಸ್ವೀಡನ್ನಿನ ಮೇಲ್ಮನವಿಯ ನ್ಯಾಯಾಲಯವು ಆತನಿಗೆ ಎರಡೂವರೆ ವರ್ಷಗಳ ಸೆರೆಯನ್ನು ವಿಧಿಸಿತು. ಅಪರಾಧವು ಮನುಷ್ಯನದು, ಭಾಷೆಯದಲ್ಲ. ಆದರೆ ಆಗುವ ಮೊದಲೇ ಆಯಿತೆಂದು ಹೇಳುವ ಕ್ರಿಯಾಪದಗಳು ಅಂತಹವರಿಗೆ ಚಪ್ಪಾಳೆಯನ್ನು ಒದಗಿಸಿದುವೆಂಬುದನ್ನು ಅಲ್ಲಗಳೆಯಲಾಗದು.

ನಮ್ಮ ದೇಶದಲ್ಲಿಯೂ ಈ ಭಯವು ಇಲ್ಲದಿಲ್ಲ. 2017ರ ರಾಷ್ಟ್ರೀಯ ಮಾರ್ಗಸೂಚಿಗಳು ರಕ್ತಜನಕ ಮೂಲಕೋಶಗಳ ಕಸಿಯನ್ನು ಗೊತ್ತಾದ ಕೆಲವು ರೋಗಗಳಿಗೆ ಮಾತ್ರ ಚಿಕಿತ್ಸೆಯೆಂದು ಒಪ್ಪಿ, ಮೂಲಕೋಶಗಳ ಇತರ ಬಳಕೆಗಳನ್ನು ಅನುಮತಿಪಡೆದ ಪರೀಕ್ಷೆಯ ಒಳಗೆ ಮಾತ್ರ ನಡಸತಕ್ಕದ್ದೆಂದು ವಿಧಿಸಿದುವು. ಪರೀಕ್ಷೆಗೂ ಚಿಕಿತ್ಸೆಗೂ ಇರುವ ಭೇದವು ರೋಗಿಗೆ ತಿಳಿಯುವುದು ಆತನು ರುಜುಹಾಕುವ ಒಪ್ಪಿಗೆಪತ್ರದ ಭಾಷೆಯಿಂದ. ಆ ಪತ್ರವು ಕನ್ನಡದಲ್ಲಿರುವಾಗ ‘ಕೊಡಲಾಗುವುದು’, ‘ಕೊಟ್ಟು ನೋಡಲಾಗುವುದು’ ಎಂಬೆರಡರ ಅಂತರವು ಸಾಹಿತ್ಯದ ಸೂಕ್ಷ್ಮವಾಗಿ ಮಾತ್ರ ಉಳಿಯುವುದಿಲ್ಲ. ‘ನೋಡು’ ಎಂಬ ಸಣ್ಣ ಸಹಾಯಕ್ರಿಯೆಯಲ್ಲಿ ಒಂದು ಮನೆಯ ಒಡವೆಯು ಉಳಿಯಬಹುದು.

ಇಲ್ಲಿ ನಮ್ಮ ವಾದಕ್ಕೂ ಒಂದು ಮೇರೆಯನ್ನು ಹಾಕಿಕೊಳ್ಳಬೇಕು. ತೋಟದ ಮಾತನ್ನು ತಂದೊಡನೆ ವಿಜ್ಞಾನವು ಸತ್ಯವಾಗಿಬಿಡುವುದಿಲ್ಲ. ರೈಟರನ್ನು ದಾರಿತಪ್ಪಿಸಿದುದೂ ಕೃಷಿಯ ಮಾತೇ. ಹೋಲಿಕೆಯು ಎಲ್ಲಿಯವರೆಗೆ ಬರುವುದು, ಎಲ್ಲಿ ನಿಲ್ಲುವುದು ಎಂಬುದನ್ನು ಬರೆಯುವವನು ಹೇಳಿಯೇ ಮುಂದುವರಿಯಬೇಕು. ಅಳತೆಗಳನ್ನೂ ಕಾಲಾವಧಿಯನ್ನೂ ಪರೀಕ್ಷೆಗೊಳಗಾದವರ ಸಂಖ್ಯೆಯನ್ನೂ ಹೋಲಿಕೆಯು ಕೊಡಲಾರದು. ಅವನ್ನು ಅಂಕಿಗಳಲ್ಲಿಯೇ ಬರೆಯತಕ್ಕದ್ದು. ಕಸಿ ಹಿಡಿಯದಿದ್ದರೆ ತೋಟಗಾರನು ಇನ್ನೊಂದು ಗಿಡಕ್ಕೆ ಕಟ್ಟುವನು. ರೋಗಿಗೆ ಇನ್ನೊಂದು ದೇಹವಿಲ್ಲ. ಈ ಭೇದವನ್ನು ಮರೆಯಿಸುವ ಉಪಮೆಯು ಎಷ್ಟೇ ರಮ್ಯವಾದರೂ ತ್ಯಾಜ್ಯ.

ಇಂತಹ ಸಂಯಮಕ್ಕೆ ನಮ್ಮ ಸಾಹಿತ್ಯದಲ್ಲಿ ಮೇಲ್ಪಂಕ್ತಿಯಿಲ್ಲದಿಲ್ಲ. ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ಸ್ವತಃ ಸಂಶೋಧಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ‘ಹಸುರು ಹೊನ್ನು’ ಗ್ರಂಥದಲ್ಲಿ ವಿನೋದವನ್ನೂ ಶಾಸ್ತ್ರದ ನಿಷ್ಕೃಷ್ಟತೆಯನ್ನೂ ಒಂದರಿಂದೊಂದು ಕೆಡದಂತೆ ನಡಸಿಕೊಂಡು ಹೋದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ದೊರೆಯಿತು. ಆಲ್ದೂರಿಗೆ ನೆರೆಯಾದ ಮೂಡಿಗೆರೆಯ ಸೀಮೆಯಲ್ಲಿ ತೋಟಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ‘ಕರ್ವಾಲೊ’ ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿ ವಿಜ್ಞಾನಿಯೊಬ್ಬನು ಹಳ್ಳಿಯ ಜೇನು ಹಿಡಿಯುವವನ ಅರಿವನ್ನು ನೆಚ್ಚಿ ಹಾರುವ ಓತಿಯನ್ನು ಅರಸಿ ಕಾಡಿಗೆ ಹೊರಡುವನು. ಕಥೆಯ ಕೊನೆಯಲ್ಲಿ ಆ ಜೀವಿಯು ಕಣ್ಣಿಗೆ ಬೀಳುವುದು, ಕೈಗೆ ಸಿಕ್ಕದೆ ಕಣಿವೆಯ ಆಚೆಗೆ ತೇಲಿಹೋಗುವುದು. ಹಿಡಿದೆವೆಂದು ಆ ಕಾದಂಬರಿಯು ಹೇಳುವುದಿಲ್ಲ. ಕಂಡೆವೆಂದು ಮಾತ್ರ ಹೇಳುವುದು. ಕನ್ನಡದ ವಿಜ್ಞಾನಸಾಹಿತ್ಯವು ಕಲಿಯಬೇಕಾದ ಕ್ರಿಯಾಪದದ ಶಿಸ್ತು ಇದೇ. ಆದರೆ ಈ ಇಬ್ಬರ ಗ್ರಂಥಗಳಲ್ಲಿಯೂ ವಿಜ್ಞಾನವು ನಡೆಯುವುದು ಬಯಲಿನಲ್ಲಿ, ಕಾಡಿನಲ್ಲಿ. ಪ್ರಯೋಗಶಾಲೆಯ ಒಳಗೆ ವಾರಗಟ್ಟಲೆ ಪಾತ್ರೆಯನ್ನು ಕಾಯುವವರ ಬಾಳು, ಒಂದು ಬೂಷ್ಟಿನಿಂದ ಕೆಟ್ಟುಹೋಗುವ ತಿಂಗಳ ಶ್ರಮ, ಮೂರು ಮಾದರಿಗಳು ಸೋತಮೇಲೆ ನಾಲ್ಕನೆಯದನ್ನು ಕೈಗೆತ್ತಿಕೊಳ್ಳುವ ಮನಸ್ಸು, ಇವು ನಮ್ಮ ಗದ್ಯಕ್ಕೆ ಇನ್ನೂ ಸಮೃದ್ಧವಾಗಿ ಬಂದಿಲ್ಲ. ಅವು ಬಂದಾಗ ಮಾತ್ರ ಓದುಗನಿಗೆ ‘ತಯಾರಿಸಲಾಗಿದೆ’ ಎಂಬುದರ ಪೊಳ್ಳುತನವು ತಾನಾಗಿ ಕಾಣುವುದು.

ಮೇಲೆ ರಚಿಸಿದ ವಾಕ್ಯವನ್ನು ಈಗ ತಿದ್ದಿ ನೋಡೋಣ: ‘ರೋಗಿಯ ಚರ್ಮದಿಂದ ತೆಗೆದ ಕೋಶಗಳನ್ನು ಸಂಶೋಧಕರು ಹಂದರವೊಂದರ ಮೇಲೆ ಬೆಳೆಯಗೊಟ್ಟಿದ್ದಾರೆ. ಚರ್ಮದ ಮೇಲ್ಪದರದಂತಹ ತೆಳುಹಾಳೆಯೊಂದು ದೊರೆತಿದೆ. ಅದು ಗಾಯದ ಮೇಲೆ ಹಿಡಿಯುವುದೇ ಎಂಬುದನ್ನು ಇನ್ನು ಪರೀಕ್ಷಿಸಬೇಕು.’ ಒಂದು ವಾಕ್ಯವು ಮೂರಾಯಿತು. ಪತ್ರಿಕೆಯಲ್ಲಿ ಸ್ಥಳವು ಸ್ವಲ್ಪ ಹೆಚ್ಚಾಗಿ ಬೇಕು. ಸುದ್ದಿಯ ಥಳಕು ಸ್ವಲ್ಪ ಕಡಿಮೆಯಾದೀತು. ಲಾಭವೇನೆಂದರೆ ಕೆಲಸವು ಎಲ್ಲಿಗೆ ಬಂದಿದೆಯೆಂಬುದು ಓದಿದವನಿಗೆ ತಿಳಿಯುವುದು.

ಆಲ್ದೂರಿನ ರೈಟರಿಗೆ ನಾವು ಹೇಳಿದುದೂ ಈ ರೀತಿಯಲ್ಲಿಯೇ. 1994ರಲ್ಲಿ ಸ್ವೀಡನ್ನಿನ ವೈದ್ಯರು 23 ಮಂದಿ ರೋಗಿಗಳ ಮಂಡಿಯಲ್ಲಿ ಅವರವರದೇ ಮೃದ್ವಸ್ಥಿಯ ಕೋಶಗಳನ್ನು ಹೆಚ್ಚಿಸಿ ಇಟ್ಟ ವೃತ್ತಾಂತವನ್ನು ಪ್ರಕಟಿಸಿದರು. ಪೆಟ್ಟಿನಿಂದ ಸಣ್ಣ ಗುಳಿ ಬಿದ್ದ ಎಳೆಯರ ಮಂಡಿಗೆ ಆ ಕ್ರಮವು ಒದಗುವುದುಂಟು. ವಯಸ್ಸಿನಿಂದ ಕೀಲೆಲ್ಲ ಸವೆದ ಮಂಡಿಗೆ ಅದು ಒದಗಿಬಂದಿಲ್ಲ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲವಾದುದರಿಂದ ಅದು ತಾನಾಗಿ ಮಾಯುವುದೂ ಕಷ್ಟ. ಇಷ್ಟನ್ನು ಸಸಿಮಡಿಯ ಮಾತಿನಲ್ಲಿ ಬಿಡಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಒಂದೆರಡು ಸಸಿ ತೋಟಕ್ಕೆ ಬಂದಿದೆ, ನನ್ನದು ಇನ್ನೂ ಸಸಿಮಡಿಲೇ ಇದೆ ಅನ್ನಿ ಮೇಷ್ಟ್ರೆ” ಎಂದರು. ಒಡವೆಯು ಮನೆಯಲ್ಲಿಯೇ ಉಳಿಯಿತು. ಅವರು ಮೂಳೆಯ ವೈದ್ಯರನ್ನು ಕಾಣಲು ಹೊರಟರು. ಈ ವಿಜ್ಞಾನದ ಇಂದಿನ ಸ್ಥಿತಿಯನ್ನು ಅವರಿಗಿಂತ ಚೆನ್ನಾಗಿ ಹೇಳಿದ ವಾಕ್ಯವನ್ನು ನಾವು ಪತ್ರಿಕೆಗಳಲ್ಲಿ ಕಂಡಿಲ್ಲ.

ಪಾರಿಭಾಷಿಕ ಕೋಶಗಳನ್ನು ಸಿದ್ಧಪಡಿಸುವ ವಿದ್ವಾಂಸರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಒಂದೊಂದು ನಾಮಪದದ ಎದುರಿಗೂ ಅದಕ್ಕೆ ಒಪ್ಪುವ ಕ್ರಿಯಾಪದಗಳನ್ನು, ಒಪ್ಪದವುಗಳನ್ನು ಕೂಡ, ದಾಖಲಿಸತಕ್ಕದ್ದು. ಸಾಹಿತ್ಯದ ಉಪಾಧ್ಯಾಯರು ವ್ಯಾಕರಣದ ಪಾಠದಲ್ಲಿ ಸಕರ್ಮಕ ಅಕರ್ಮಕಗಳನ್ನು ಬೋಧಿಸುವಾಗ ‘ಗಾಯ ಮಾಯಿತು’, ‘ಕಸಿ ಹಿಡಿಯಿತು’ ಎಂಬ ಉದಾಹರಣೆಗಳನ್ನು ಕೊಟ್ಟು, ‘ತಯಾರಿಸಿದರು’ ಎಂಬುದನ್ನು ಅವುಗಳ ಪಕ್ಕದಲ್ಲಿಟ್ಟು ತೋರಿಸಿದರೆ, ಆ ಪಾಠವು ಪರೀಕ್ಷೆಯ ಆಚೆಗೂ ಉಪಯೋಗಕ್ಕೆ ಬರುವುದು. ನಾವು ಸೂಚಿಸಿದ ಪದಗಳಲ್ಲಿ ಲೋಪಗಳಿದ್ದರೆ ಬಲ್ಲವರು ತಿದ್ದಬೇಕೆಂದು ಬೇಡುತ್ತೇವೆ.